ಹನುಮಪ್ಪ ಸಾಲ ಮಾಫಿ ಮಾಡ್ಯಾನೇನು?

ಈ ಕಡೆ ಬಂದು ತುಂಬಾ ದಿನ ಆಯ್ತು. ಕೆಲಸ, ಊರು, ನೆಂಟರ ಮದುವೆ ಅಂತ ತಿಂಗಳುಗಳು ಹೋದದ್ದೇ ಗೊತ್ತಾಗಲಿಲ್ಲ. ಇವತ್ತಿನದು ಸ್ವಲ್ಪ ಉದ್ದ ಆಗುತ್ತೆ. ಬೇಜಾರು ಮಾಡ್ಕೋಬೇಡಿ, ಚಹಾ ಕುಡೀತಾ ಓದಿ.

ನಮ್ಮ ದೂರದ ಸಂಬಂಧದ ಹುಡುಗಿಯೊಬ್ಬಳು ಹೊರದೇಶದಲ್ಲಿ ಓದುತ್ತಿದ್ದಾಳೆ. ಅವಳ ಸಂಶೋಧನೆಯ ವಿಷಯ 'ಆಧುನಿಕ ಗುಲಾಮಗಿರಿಯ ವಿರುದ್ಧದ ಹೋರಾಟದಲ್ಲಿ ಧಾರ್ಮಿಕ ನಂಬಿಕೆಯ ಪಾತ್ರ'. ಅವಳ ಅಜ್ಜನ ಊರು ಮಾನ್ವಿ ಕಡೆ. ಹಾಗಾಗಿ ಪ್ರಪಂಚ ಎಲ್ಲ ಬಿಟ್ಟು ರಾಯಚೂರು ಜಿಲ್ಲೆಯನ್ನೇ ಆರಿಸಿಕೊಂಡಿದ್ದಾಳೆ. "ಕಾಕಾ, ನೀವೇ ಕರ್ಕೊಂಡು ಹೋಗಬೇಕು" ಅಂದಳು. ರಜೆ ಇತ್ತು, ಹೋದೆ. ಅವಳ ಕೈಯಲ್ಲಿ ಒಂದು ಪ್ರಶ್ನಾವಳಿ. ಅದರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಇತರೆ ಅಂತ ನಾಲ್ಕು ಕಾಲಮ್ಮು. ಯಾವ ಧರ್ಮದ ಸಂಸ್ಥೆ ಜೀತದ ವಿರುದ್ಧ ಏನೇನು ಕೆಲಸ ಮಾಡಿದೆ ಅಂತ ತುಂಬಿಸುತ್ತಾ ಹೋಗಬೇಕು.

ನನ್ನ ತಕರಾರು ಆ ಕಾಲಮ್ಮುಗಳ ಬಗ್ಗೆ. ಈ ಬರಹ ಅದರ ಬಗ್ಗೆಯೇ.

ಆ ಪ್ರಶ್ನಾವಳಿ ಇಟ್ಟುಕೊಂಡು ಹೊರಟರೆ ಉತ್ತರಗಳೇನೋ ಸಿಗುತ್ತವೆ. 2014ರ ಡಿಸೆಂಬರ್ 2ರಂದು ವ್ಯಾಟಿಕನ್ನಿನಲ್ಲಿ ಪೋಪ್ ಫ್ರಾನ್ಸಿಸ್, ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಯಹೂದಿ, ಮುಸ್ಲಿಂ, ಬೌದ್ಧ ಮುಖಂಡರು, ನಮ್ಮ ಕೇರಳದ ಮಾತಾ ಅಮೃತಾನಂದಮಯಿ ಎಲ್ಲ ಒಟ್ಟಿಗೆ ಕೂತು ಗುಲಾಮಗಿರಿಯ ವಿರುದ್ಧ ಒಂದು ಘೋಷಣೆಗೆ ಸಹಿ ಹಾಕಿದರು. 2020ರ ಹೊತ್ತಿಗೆ ಇದನ್ನು ನಿರ್ಮೂಲ ಮಾಡೋಣ ಅಂತ. 2020 ಬಂತು, ಹೋಯ್ತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 4.96 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು. ಅದರಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿ, ಉಳಿದವರು ಬಲವಂತದ ಮದುವೆಯಲ್ಲಿ. ಸಹಿ ಹಾಕಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ವ್ಯಾಟಿಕನ್ನಿನ ಸಹಿಗೂ ಮಾನ್ವಿ ತಾಲೂಕಿನ ಹೊಲದಲ್ಲಿ ದುಡಿಯುವ ಆಳಿಗೂ ನಡುವೆ ಎಷ್ಟು ದೂರ ಇದೆ ಅಂತ ನೋಡಬೇಕಾದರೆ ಇಲ್ಲಿಗೇ ಬರಬೇಕು.

ನಾವು ಸುತ್ತಿದ ಊರುಗಳಲ್ಲಿ ಒಂದು ರಾಯಚೂರು ತಾಲೂಕಿನ ಯಾಪಲದಿನ್ನಿ. ತೆಲುಗಿನ ಆಡುಮಾತಿನಲ್ಲಿ ಯಾಪ ಅಂದರೆ ಬೇವು. ಬೇವಿನ ಮರಗಳಿದ್ದ ದಿನ್ನೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ನಮ್ಮ ಕಡೆಯ ಎಷ್ಟೋ ಊರ ಹೆಸರುಗಳಲ್ಲಿ ಅರ್ಧ ತೆಲುಗು ಅರ್ಧ ಕನ್ನಡ. ಅಲ್ಲಿ ಒಬ್ಬ ಅಜ್ಜ ಮಾತಿಗೆ ಸಿಕ್ಕ. ವಯಸ್ಸು ಎಪ್ಪತ್ತರ ಹತ್ತಿರ ಇರಬೇಕು. ಹುಡುಗಿ 'ಜೀತ' ಅಂದಳು, ಅಜ್ಜನಿಗೆ ಆ ಶಬ್ದ ಇಷ್ಟ ಆಗಲಿಲ್ಲ. "ಜೀತ ಅಲ್ಲ ಯವ್ವಾ, ಸಂಬಳಕ ಇದ್ದೆ" ಅಂದ.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಸಂಬಳಕ್ಕೆ ಇರೋದು ಅಂದರೆ ಬೆಂಗಳೂರಿನ ಸಂಬಳ ಅಲ್ಲ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷ ಒಬ್ಬರ ಮನೆಗೆ ಆಳಾಗಿ ನಿಲ್ಲೋದು. ಮುಂಗಡ ಇಸಕೊಂಡಿರುತ್ತಾರೆ, ಅದು ತೀರಲಿಲ್ಲ ಅಂದರೆ ಮತ್ತೊಂದು ಯುಗಾದಿ. ಅಜ್ಜನ ಅಪ್ಪ ಮಗಳ ಮದುವೆಗೆ ನಾಲ್ಕುನೂರು ರೂಪಾಯಿ ತಗೊಂಡಿದ್ದನಂತೆ. ಅದಕ್ಕೆ ಹನ್ನೆರಡು ವರ್ಷದ ಈ ಹುಡುಗನನ್ನು ದನ ಕಾಯಲು ಬಿಟ್ಟರು. ವರ್ಷಕ್ಕೆ ಎರಡು ಚೀಲ ಜೋಳ, ಒಂದು ಜೋಡು ಚಪ್ಪಲಿ, ಒಂದು ಕಂಬಳಿ. ಇದು ಎಷ್ಟು ಯುಗಾದಿ ನಡೆಯಿತು ಅಂತ ಕೇಳಿದರೆ ಬೆರಳು ಎಣಿಸಿ ಹದಿನಾಲ್ಕು ಅಂದ.

ಹುಡುಗಿ ಲೆಕ್ಕ ಹಾಕಿ ನೋಡಿದಳು. ಹಾಗಾದರೆ 1975 ಈ ಹದಿನಾಲ್ಕರ ಮಧ್ಯೆ ಬಂತಲ್ಲ? ಆ ವರ್ಷದ ಅಕ್ಟೋಬರಿನಲ್ಲಿ ಇಂದಿರಾ ಗಾಂಧಿ ಸರ್ಕಾರ ಸುಗ್ರೀವಾಜ್ಞೆ ತಂದಿತ್ತು. 1976ರಲ್ಲಿ ಅದೇ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ ಆಯಿತು. ಎಲ್ಲ ಜೀತದಾಳುಗಳೂ ಬಿಡುಗಡೆ, ಜೀತದ ಸಾಲ ಎಲ್ಲ ರದ್ದು, ಮತ್ತೆ ವಸೂಲಿ ಮಾಡಿದರೆ ಅಪರಾಧ. "ಅಜ್ಜಾ, ಕಾನೂನು ಬಂದದ್ದು ನಿಮಗೆ ಗೊತ್ತಿರಲಿಲ್ಲವಾ?"

ಅಜ್ಜ ನಕ್ಕ. "ಗೊತ್ತಿತ್ತವ್ವಾ. ಇಂದ್ರಮ್ಮ ಸಾಲ ಮಾಫಿ ಮಾಡ್ಯಾಳ ಅಂತ ಊರಾಗ ಎಲ್ಲಾರೂ ಅಂತಿದ್ರು. ಆದ್ರ ನಮ್ಮಪ್ಪ ಹನುಮಪ್ಪನ ಗುಡಿ ಮುಂದ ಆಣಿ ಮಾಡಿ ರೊಕ್ಕ ತಂದಿದ್ದ. ಇಂದ್ರಮ್ಮ ಮಾಫಿ ಮಾಡಿದ್ಲು, ಹನುಮಪ್ಪ ಮಾಡ್ಯಾನೇನು?"

ಹುಡುಗಿ ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತಳು. ಈ ಉತ್ತರ ಬರೆಯಲು ಅವಳ ನಾಲ್ಕು ಕಾಲಮ್ಮಿನಲ್ಲಿ ಜಾಗ ಇರಲಿಲ್ಲ.

ಆ ಕಾಯ್ದೆಯನ್ನು ಒಮ್ಮೆ ಓದಿ ನೋಡಿ. ಸರ್ಕಾರಿ ಕಾಯ್ದೆಗಳಲ್ಲಿ ಅಪರೂಪಕ್ಕೆ ಕಾಣುವ ಒಂದು ಚೆಂದ ಅದರಲ್ಲಿದೆ. ಯಾವುದು ಜೀತ ಅಂತ ಹೇಳುವಾಗ ದೇಶದ ಮೂಲೆಮೂಲೆಯ ಹೆಸರುಗಳನ್ನೆಲ್ಲ ಸಾಲಾಗಿ ಬರೆದಿದ್ದಾರೆ. ಜೀತ, ಹೊಲ್ಯ, ವೆಟ್ಟಿ, ಪಾಲೇರು, ಭಾಗೇಲ... ಹೀಗೆ ಮೂವತ್ತರ ಹತ್ತಿರ ಹೆಸರು. ಭಾಗೇಲ ಅನ್ನೋದು ನಮ್ಮದೇ ಹೈದರಾಬಾದ್ ಸಂಸ್ಥಾನದ ಶಬ್ದ. ನಿಜಾಮರ ಸರ್ಕಾರ 1936ರಲ್ಲೇ ಭಾಗೇಲ ಕರಾರುಗಳ ಬಗ್ಗೆ ಒಂದು ಕಾನೂನು ಮಾಡಿತ್ತು. ಅಂದರೆ ರಾಯಚೂರಿನ ಆಳುಮಗ ಕಾಗದದ ಮೇಲೆ ಒಂದಲ್ಲ, ಎರಡು ಮೂರು ಸಲ ಬಿಡುಗಡೆ ಆಗಿದ್ದಾನೆ. ಆದರೆ ಇಷ್ಟೆಲ್ಲ ಹೆಸರು ಬರೆದವರು ಆಣೆಯ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಕಾನೂನಿಗೆ ಸಾಲ ಕಾಣುತ್ತೆ, ಕರಾರು ಪತ್ರ ಕಾಣುತ್ತೆ. ಗುಡಿಯ ಮುಂದೆ ಹಚ್ಚಿದ ಕರ್ಪೂರ ಕಾಣಲ್ಲ.

ಇಲ್ಲಿ ನನ್ನ ವಿಚಾರವಾದಿ ಗೆಳೆಯರು ಎದ್ದು ನಿಲ್ಲುತ್ತಾರೆ ಅಂತ ಗೊತ್ತು :) ನೋಡಿದೆಯಾ, ಧರ್ಮವೇ ಸರಪಳಿ, ಅದನ್ನು ಕಿತ್ತೊಗೆಯೋದು ಬಿಟ್ಟು ಅದರ 'ಪಾತ್ರ' ಏನು ಹುಡುಕ್ತೀಯಾ ಅಂತ. ಅವರ ಮಾತು ಅರ್ಧ ಸರಿ. ಸರಪಳಿ ಅಂದಾಗ ನೆನಪಾಯ್ತು, 2000ದಲ್ಲಿ ಶ್ರೀರಂಗಪಟ್ಟಣ ತಾಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಜನರ ಕಾಲಿಗೆ ನಿಜವಾದ ಕಬ್ಬಿಣದ ಸರಪಳಿಯನ್ನೇ ಹಾಕಿದ್ದರು. ಅವರನ್ನು ಬಿಡಿಸಿದ್ದು ಯಾವ ಮಠವೂ ಅಲ್ಲ, ಚರ್ಚೂ ಅಲ್ಲ, ರೈತಸಂಘದವರು. ಜೀತದ ವಿರುದ್ಧ ವರ್ಷಗಟ್ಟಲೆ ತಾಲೂಕು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದದ್ದು ಕಿರಣ್ ಕಮಲ್ ಪ್ರಸಾದ್ ಅವರ 'ಜೀವಿಕ', ದಲಿತ ಸಂಘಟನೆಗಳು. ಇದನ್ನು ಯಾರೂ ಮರೆಯಬಾರದು. ಧರ್ಮದ ಪಾತ್ರ ಅಂತ ಸಂಶೋಧನೆ ಮಾಡುವವರು ಈ ಕೆಲಸದ ಪುಣ್ಯವನ್ನೆಲ್ಲ ತಂದು ದೇವರ ಖಾತೆಗೆ ಜಮಾ ಮಾಡಿದರೆ ಅದು ಅನ್ಯಾಯ.

ಆದರೆ ಉಳಿದರ್ಧ? ಕಬ್ಬಿಣದ ಸರಪಳಿಯನ್ನು ರೈತಸಂಘ ಕತ್ತರಿಸಬಹುದು. ಹನುಮಪ್ಪನ ಆಣೆಯನ್ನು ಯಾರು ಕತ್ತರಿಸಬೇಕು?

ಶಿವರಾಮ ಕಾರಂತರ 'ಚೋಮನ ದುಡಿ' ನೆನಪಿಸಿಕೊಳ್ಳಿ. 1933ರ ಕಾದಂಬರಿ. ಚೋಮನಿಗೆ ಬೇಕಾದದ್ದು ತುಂಡು ಭೂಮಿ. ಮತಾಂತರ ಆದರೆ ಭೂಮಿ ಸಿಗುತ್ತೆ ಅನ್ನೋ ಆಸೆಯಿಂದ ಹೊರಟವನು ಪಂಜುರ್ಲಿಯ ಭಯಕ್ಕೆ ವಾಪಸ್ಸು ಬರುತ್ತಾನೆ. ಧಣಿ ತಡೆದದ್ದಲ್ಲ, ಪೊಲೀಸ್ ತಡೆದದ್ದಲ್ಲ. ಕಾರಂತರು ನಂಬಿಕೆಯನ್ನು ಮೂಢನಂಬಿಕೆ ಅಂತ ಒಂದು ಪದದಲ್ಲಿ ತಳ್ಳಿ ಹಾಕಿದ್ದರೆ ಆ ಕಾದಂಬರಿ ಇಷ್ಟು ವರ್ಷ ಉಳಿಯುತ್ತಿರಲಿಲ್ಲ ಅನ್ನಿಸುತ್ತೆ. ಚೋಮನಿಗೆ ಆ ದೈವ ಬಿಟ್ಟರೆ ತನ್ನದು ಅಂತ ಬೇರೆ ಏನೂ ಇರಲಿಲ್ಲ. ಅವನಿಗೆ 'ನಂಬಬೇಡ' ಅಂದರೆ ಇರುವ ಒಂದನ್ನೂ ಕಿತ್ತುಕೊಂಡ ಹಾಗೆ.

ಇನ್ನೊಂದು ದೇಶದ ಕಥೆ ಹೇಳ್ತೀನಿ, ನಮ್ಮ ಹುಡುಗಿಯೇ ನನಗೆ ಹೇಳಿದ್ದು. ನೈಜೀರಿಯಾದ ಬೆನಿನ್ ಸಿಟಿಯ ಕಡೆಯಿಂದ ಹೆಣ್ಣುಮಕ್ಕಳನ್ನು ಯುರೋಪಿಗೆ ಸಾಗಿಸುವ ದಂಧೆ ಇದೆ. ಹೊರಡುವ ಮುಂಚೆ ಗುಡಿಗೆ ಕರೆದೊಯ್ದು ಪೂಜಾರಿಯ ಮುಂದೆ ಪ್ರಮಾಣ ಮಾಡಿಸುತ್ತಾರೆ. ಸಾಲ ತೀರಿಸದೆ ಓಡಿಹೋದರೆ, ಪೊಲೀಸರಿಗೆ ಹೇಳಿದರೆ, ದೇವರು ನಿನ್ನನ್ನೂ ನಿನ್ನ ಮನೆಯವರನ್ನೂ ಸುಮ್ಮನೆ ಬಿಡಲ್ಲ ಅಂತ. ಇಟಲಿಯ ಪೊಲೀಸರು ಬಾಗಿಲು ತೆಗೆದು ನಿಂತರೂ ಆ ಹುಡುಗಿಯರು ಬಾಯಿ ಬಿಡುತ್ತಿರಲಿಲ್ಲ. 2018ರ ಮಾರ್ಚ್‌ನಲ್ಲಿ ಬೆನಿನ್ನಿನ ಸಾಂಪ್ರದಾಯಿಕ ದೊರೆ, ಅವರಲ್ಲಿ 'ಒಬ' ಅಂತಾರೆ, ಎರಡನೇ ಎವುವಾರೆ, ಪೂಜಾರಿಗಳನ್ನೆಲ್ಲ ಅರಮನೆಗೆ ಕರೆಸಿ, ಅಂಥ ಪ್ರಮಾಣಗಳೆಲ್ಲ ಇವತ್ತಿನಿಂದ ರದ್ದು, ಇನ್ನು ಮುಂದೆ ಮಾಡಿಸಿದವರ ಮೇಲೆ ಶಾಪ ಅಂತ ಘೋಷಿಸಿದರು. ದಂಧೆ ಅದರಿಂದ ನಿಂತುಬಿಟ್ಟಿತು ಅಂತ ಅಲ್ಲ. ಆದರೆ ಗಂಟು ಹಾಕಿದ ಕಡೆಯಿಂದಲೇ ಗಂಟು ಬಿಚ್ಚುವ ಮಾತು ಬಂತು. ಯಾವ ನ್ಯಾಯಾಧೀಶರೂ ಆ ಮಾತು ಹೇಳಲು ಆಗುತ್ತಿರಲಿಲ್ಲ.

ನಮ್ಮಲ್ಲೂ ಇದು ಹೊಸದೇನಲ್ಲ. ನಾರದ ಸ್ಮೃತಿಯಲ್ಲಿ ಹದಿನೈದು ಬಗೆಯ ದಾಸರ ಪಟ್ಟಿ ಇದೆ, ಸಾಲಕ್ಕೆ ದಾಸನಾದವನೂ ಅದರಲ್ಲಿ ಬರುತ್ತಾನೆ. ಇದನ್ನು ಓದಿ 'ನಮ್ಮಲ್ಲಿ ಗುಲಾಮಗಿರಿಯೇ ಇರಲಿಲ್ಲ' ಅನ್ನುವವರು ಸ್ವಲ್ಪ ತಣ್ಣಗಾಗಲಿ. ಆದರೆ ಅದೇ ಸ್ಮೃತಿಯಲ್ಲಿ ಬಿಡುಗಡೆಯ ವಿಧಿಯೂ ಇದೆ. ಒಡೆಯನು ದಾಸನ ಹೆಗಲ ಮೇಲಿನ ನೀರಿನ ಕೊಡವನ್ನು ತೆಗೆದು ಒಡೆದುಹಾಕಬೇಕು. ಅಕ್ಷತೆ ಹೂವು ಹಾಕಿದ ನೀರನ್ನು ಅವನ ತಲೆಯ ಮೇಲೆ ಚಿಮುಕಿಸಿ, ನೀನಿನ್ನು ದಾಸನಲ್ಲ ಅಂತ ಮೂರು ಸಲ ಹೇಳಬೇಕು. ಇಸ್ಲಾಮಿನಲ್ಲಿ ಜಕಾತ್ ಹಣ ಯಾರಿಗೆ ಸಲ್ಲಬೇಕು ಅನ್ನುವ ಎಂಟು ಬಾಬ್ತುಗಳಲ್ಲಿ ಗುಲಾಮರ ಬಿಡುಗಡೆಯೂ ಒಂದು. ಹಾಗಂತ ದಖ್ಖನಿನ ಸುಲ್ತಾನರ ಕಾಲದಲ್ಲಿ ಗುಲಾಮರು ಇರಲಿಲ್ಲವೇ? ಇಥಿಯೋಪಿಯಾದಿಂದ ಮಾರಾಟವಾಗಿ ಬಂದ ಮಲಿಕ್ ಅಂಬರ್ ಇಲ್ಲೇ ದೊಡ್ಡ ಸೇನಾನಿಯಾದ. ಇಂಗ್ಲೆಂಡಿನಲ್ಲಿ ವಿಲ್ಬರ್‌ಫೋರ್ಸ್ ಮತ್ತು ಕ್ವೇಕರರು ಬೈಬಲ್ ಹಿಡಿದು ಗುಲಾಮಗಿರಿಯ ವಿರುದ್ಧ ಹೋರಾಡಿದರು, ಅಮೆರಿಕದ ದಕ್ಷಿಣದ ತೋಟದ ಮಾಲೀಕರು ಅದೇ ಬೈಬಲ್ ಹಿಡಿದು ಸಮರ್ಥಿಸಿದರು. ಯಾವ ಧರ್ಮದ ಕಾಲಮ್ಮಿಗೂ ಪೂರ್ತಿ ಅಂಕ ಕೊಡಲು ಬರಲ್ಲ.

ನನಗೆ ಯಾವಾಗಲೂ ಕಾಡುವ ಸಂಗತಿ ನಮ್ಮ ಜಿಲ್ಲೆಯದೇ. ದಾಸ ಸಾಹಿತ್ಯದ ಅರ್ಧ ತವರು ರಾಯಚೂರು. ವಿಜಯದಾಸರು ಮಾನ್ವಿ ತಾಲೂಕಿನ ಚೀಕಲಪರ್ವಿಯವರು. ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರು ಮಾನ್ವಿಯವರು. ದಾಸ ಅಂತ ತಮ್ಮನ್ನು ತಾವು ಹೆಮ್ಮೆಯಿಂದ ಕರೆದುಕೊಂಡವರು. ಹರಿಗೆ ದಾಸನಾದವನು ಇನ್ನೊಬ್ಬರಿಗೆ ಯಾಕೆ ದಾಸನಾಗಬೇಕು ಅನ್ನುವ ಸ್ವಾತಂತ್ರ್ಯ ಆ ಮಾತಿನ ಒಳಗೇ ಇದೆ. ಹನ್ನೆರಡನೇ ಶತಮಾನದ ಶರಣರ 'ದಾಸೋಹ'ದಲ್ಲೂ ಅದೇ ಶಬ್ದ. ಅದೇ ಮಾನ್ವಿ, ಅದೇ ದೇವದುರ್ಗದಲ್ಲಿ 'ದೇವದಾಸಿ' ಅನ್ನೋ ಶಬ್ದದಲ್ಲೂ ದಾಸಿ ಇದ್ದಾಳೆ. ಅಲ್ಲಿ ಆ ಶಬ್ದಕ್ಕೆ ಬಂದ ಅರ್ಥ ನಿಮಗೆ ಗೊತ್ತು. ಬ್ರಾಹ್ಮಣರ ಮನೆಯ ಹುಡುಗ ದಾಸನಾದರೆ ಅಂಕಿತ ಸಿಕ್ಕಿತು, ಹೊಲೆಮಾದಿಗರ ಕೇರಿಯ ಹುಡುಗಿಯನ್ನು ದಾಸಿ ಮಾಡಿದರೆ ಮುತ್ತು ಕಟ್ಟಿದರು.

ಮುತ್ತು ಕಟ್ಟೋದು ಅಪರಾಧ ಅಂತ ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿತು. 1993-94 ಮತ್ತು 2007-08ರಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಸಿಕ್ಕವರು ಒಟ್ಟು 46,660 ಮಹಿಳೆಯರು, ಬಹುಪಾಲು ಉತ್ತರದ ಜಿಲ್ಲೆಗಳವರು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಹೊಸ ಮಸೂದೆಯನ್ನು ಅಂಗೀಕರಿಸಿತು, ಅದರಲ್ಲಿ ಮಕ್ಕಳ ಹಕ್ಕಿನ ಮಾತೂ ಇದೆ. ಒಳ್ಳೆಯದೇ.

ದೇವದುರ್ಗದಲ್ಲಿ ಒಬ್ಬ ಹಿರಿಯ ಹೆಣ್ಣುಮಗಳು ನಮ್ಮ ಜೊತೆ ಬಹಳ ಹೊತ್ತು ಮಾತಾಡಿದಳು. ಹೆಸರು ಬರೆಯಲ್ಲ. ಹುಲಿಗೆಮ್ಮನ ಹೆಸರಲ್ಲಿ ಚಿಕ್ಕಂದಿನಲ್ಲೇ ಮುತ್ತು ಕಟ್ಟಿದ್ದರು. "ಆಫೀಸಿನವ್ರು ಬಂದು ಮುತ್ತು ತಗೀರಿ ಅಂದ್ರು, ತಗದ್ವಿ. ತಗದು ಎಲ್ಲಿ ಒಗೀಬೇಕು ಅಂತ ಯಾರೂ ಹೇಳ್ಲಿಲ್ಲ. ಹೊಳಿಗೆ ಬಿಡಾಕ ಜೀವ ಒಪ್ಪಲಿಲ್ಲ. ಟ್ರಂಕಿನ್ಯಾಗ ಅದಾವ" ಅಂದಳು. ಆ ಟ್ರಂಕಿನ ಮುತ್ತುಗಳಿಗೆ ಯಾವ ಇಲಾಖೆಯಲ್ಲಿ ಉತ್ತರ ಇದೆ?

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಬೆಳಗಾವಿ ಜಿಲ್ಲೆಯಲ್ಲಿ 1997ರಲ್ಲಿ ಮಾಜಿ ದೇವದಾಸಿಯರೇ ಸೇರಿ 'ಮಾಸ್' ಅನ್ನೋ ಸಂಸ್ಥೆ ಕಟ್ಟಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರಿಗೂ ಬಾಲ್ಯದಲ್ಲೇ ಮುತ್ತು ಕಟ್ಟಿದ್ದರು. ಅಧಿಕಾರಿ ಬಂದು 'ಇದು ಅಪರಾಧ' ಅನ್ನೋದಕ್ಕೂ, ತಾನೂ ಮುತ್ತು ಕಟ್ಟಿಸಿಕೊಂಡವಳು ಬಂದು 'ನಾನು ತೆಗೆದೆ, ನನಗೇನೂ ಆಗಲಿಲ್ಲ ನೋಡು' ಅನ್ನೋದಕ್ಕೂ ಎಷ್ಟು ವ್ಯತ್ಯಾಸ! ಎರಡನೆಯದು ನಂಬಿಕೆಯ ಭಾಷೆಯಲ್ಲೇ ಕೊಟ್ಟ ಸಾಕ್ಷಿ.

ಹಾಗಾದರೆ ಮಠ ಮಂದಿರದವರು ಏನು ಮಾಡಬಹುದಿತ್ತು? ದೂರ ಹೋಗಬೇಕಾಗಿಲ್ಲ. ಲಿಂಗಸುಗೂರು ದಾಟಿದರೆ ಇಳಕಲ್ಲು. ಅಲ್ಲಿಯ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು, ಕೇರಿಕೇರಿ ತಿರುಗಿ 'ನಿಮ್ಮ ದುಶ್ಚಟಗಳನ್ನು ನನ್ನ ಜೋಳಿಗೆಗೆ ಹಾಕಿ' ಅಂತ ಬೇಡಿದರು. ದಲಿತರ ಕೇರಿಗೂ ಹೋದರು. ಜನ ಬಾಟಲಿ, ಬೀಡಿ, ತಂಬಾಕು ತಂದು ಹಾಕಿದರು. 2018ರಲ್ಲಿ ಅವರು ತೀರಿಕೊಂಡರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ನನ್ನ ಪ್ರಶ್ನೆ ಇಷ್ಟೇ. ಕುಡಿಯುವವನ ಬಾಟಲಿಗೆ ಜೋಳಿಗೆ ಒಡ್ಡಬಹುದಾದರೆ ಸಾಹುಕಾರನ ಕರಾರು ಪತ್ರಕ್ಕೆ ಯಾಕೆ ಒಡ್ಡಬಾರದು? ಟ್ರಂಕಿನಲ್ಲಿರುವ ಮುತ್ತಿಗೆ ಯಾಕೆ ಒಡ್ಡಬಾರದು? ಬಾಟಲಿ ಕೇಳಿದರೆ ಬಡವನ ಮನೆಯ ಹೆಂಗಸರು ಹರಸುತ್ತಾರೆ. ಕರಾರು ಕೇಳಿದರೆ ಮಠಕ್ಕೆ ಚೀಲಗಟ್ಟಲೆ ಭತ್ತ ಕಳಿಸುವವರು ಮುಖ ತಿರುಗಿಸುತ್ತಾರೆ. ಕಷ್ಟ ಇರೋದು ಅಲ್ಲಿ.

ಕಷ್ಟ ಅನುಭವಿಸಿದವರೂ ಇದ್ದಾರೆ. ಸ್ವಾಮಿ ಅಗ್ನಿವೇಶ್ ಕಾವಿ ಉಟ್ಟ ಆರ್ಯಸಮಾಜಿ ಸನ್ಯಾಸಿ. 1981ರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಕಟ್ಟಿ ಹರಿಯಾಣದ ಕಲ್ಲು ಕ್ವಾರಿಗಳ ಜೀತದಾಳುಗಳ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ತೀರ್ಪನ್ನು ಇವತ್ತಿಗೂ ವಕೀಲರು ಉಲ್ಲೇಖಿಸುತ್ತಾರೆ. 2018ರಲ್ಲಿ ಜಾರ್ಖಂಡಿನ ಪಾಕುಡದಲ್ಲಿ ಗುಂಪೊಂದು ಅವರನ್ನು ಹಿಡಿದು ಬಡಿಯಿತು, 2020ರಲ್ಲಿ ತೀರಿಕೊಂಡರು. ಕಾವಿ ಕೂಡ ಅವರನ್ನು ಕಾಯಲಿಲ್ಲ. ಕ್ರೈಸ್ತ ಸಂಸ್ಥೆಗಳದು ಇನ್ನೊಂದು ಕಷ್ಟ. ಇಟ್ಟಿಗೆ ಭಟ್ಟಿಯಿಂದ ಜನರನ್ನು ಬಿಡಿಸಿದರೂ ಮತಾಂತರಕ್ಕೆ ಅಂತ ಊರವರ ಗುಮಾನಿ. ಬಿಡುಗಡೆ ಆದವನಿಗಂತೂ ಬಿಡಿಸಿದವರ ದೇವರು ಯಾರು ಅನ್ನೋದು ಆಮೇಲಿನ ಮಾತು.

ಈಗ ಜೀತದ ರೂಪವೂ ಬದಲಾಗಿದೆ. ದೇವದುರ್ಗ, ಮಾನ್ವಿ, ಲಿಂಗಸುಗೂರಿನಿಂದ ಜನ ಗುಳೆ ಹೋಗುತ್ತಾರೆ, ಬೆಂಗಳೂರಿನ ಕಟ್ಟಡಗಳಿಗೆ, ಭಟ್ಟಿಗಳಿಗೆ. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ. ಗುಡಿಯ ಜಾಗದಲ್ಲಿ ಮೊಬೈಲ್ ಬಂದಿದೆ ಅಂತ ನಾನು ಅಂದುಕೊಂಡಿದ್ದೆ. ಒಬ್ಬ ಹುಡುಗ ಹೇಳಿದ, "ಮೇಸ್ತ್ರಿ ನಮ್ಮೂರಾಂವನೇ ಅಣ್ಣ. ಬಸ್ ಹತ್ತೋಕಿಂತ ಮೊದ್ಲ ಕಾಯಿ ಒಡಸ್ತಾನ." ಕೇಂದ್ರ ಸರ್ಕಾರ 2016ರಲ್ಲಿ, 2030ರ ಹೊತ್ತಿಗೆ 1.84 ಕೋಟಿ ಜೀತದಾಳುಗಳನ್ನು ಬಿಡಿಸಿ ಪುನರ್ವಸತಿ ಮಾಡುವ ಗುರಿ ಹೇಳಿತ್ತು. 1978ರಿಂದ ಇಲ್ಲಿಯವರೆಗೆ ಪುನರ್ವಸತಿ ಆದವರು ಸುಮಾರು 3 ಲಕ್ಷ. ಲೆಕ್ಕ ನೀವೇ ಹಾಕಿ.

ನನ್ನ ಒಂದು ಸಲಹೆ ಇದೆ, ನಗಬೇಡಿ. ಬಿಡುಗಡೆ ಪತ್ರವನ್ನು ಉಪವಿಭಾಗಾಧಿಕಾರಿಗಳು ಕಚೇರಿಯ ವರಾಂಡದಲ್ಲಿ ಕೊಡೋದು ಬೇಡ. ಆಣೆ ಹಾಕಿಸಿದ ಗುಡಿಯ ಮುಂದೆ, ಪೂಜಾರಿಯನ್ನೂ ಸಾಹುಕಾರನನ್ನೂ ನಿಲ್ಲಿಸಿ, ಊರ ಎದುರು ಓದಿ ಕೊಡಲಿ. ಪೂಜಾರಿ 'ಆಣೆ ಬಿಟ್ಟಿತು' ಅಂತ ಬಾಯಿ ಬಿಟ್ಟು ಹೇಳಲಿ. ಹುಡುಗಿಗೆ ಇದನ್ನು ಹೇಳಿದಾಗ ಅವಳು ತಕ್ಷಣ ಕೇಳಿದಳು, "ಕಾಕಾ, ಆ ಅಜ್ಜನನ್ನ ಗುಡಿಯೊಳಗೆ ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಅಜ್ಜನ ಅಪ್ಪ ಆಣೆ ಮಾಡಿದ್ದು ಗುಡಿಯ ಹೊರಗೆ, ಕಟ್ಟೆಯ ಕೆಳಗೆ ನಿಂತು. ಒಳಗೆ ಬರಬೇಡ ಅಂದ ದೇವರ ಹೆಸರಲ್ಲಿ ಹದಿನಾಲ್ಕು ಯುಗಾದಿ ದುಡಿಸಿಕೊಂಡರು. ಈ ಮಾತಿಗೆ ನನ್ನ ಹತ್ತಿರ ಚೆಂದದ ಉತ್ತರ ಇಲ್ಲ. ಆದರೂ ಸಲಹೆ ವಾಪಸ್ ತಗೊಳ್ಳಲ್ಲ. ಹೊರಗೆ ನಿಲ್ಲಿಸಿ ಕಟ್ಟಿದ್ದನ್ನು ಒಳಗೆ ಕರೆದು ಬಿಚ್ಚಲಿ. ಎರಡು ಕೆಲಸ ಒಟ್ಟಿಗೆ ಆಗುತ್ತೆ.

ಅಜ್ಜ ಕೊನೆಗೆ ಹೇಗೆ ಬಿಡಿಸಿಕೊಂಡ ಅಂತ ಹೇಳೋದು ಮರೆತೆ. ಅಪ್ಪ ತೀರಿಕೊಂಡ. ಆಣೆ ಮಾಡಿದವನೇ ಸತ್ತಮೇಲೆ ಆಣೆ ನನ್ನ ಮೇಲೆ ಬರಲ್ಲ ಅಂತ ಊರ ಹಿರಿಯನೊಬ್ಬ ಹೇಳಿದನಂತೆ. ಮಾರನೇ ದಿನ ಬೆಳಗ್ಗೆ ಎದ್ದು ರಾಯಚೂರಿಗೆ ನಡೆದ, ಹಮಾಲಿ ಕೆಲಸಕ್ಕೆ ಸೇರಿದ. ಸಾಹುಕಾರ ತಡೆಯಲಿಲ್ಲವಾ ಅಂದರೆ, "ಅಂವ ಏನ್ ತಡೀತಾನ, ಅಂವನೂ ಹನುಮಪ್ಪಗ ಅಂಜ್ತಾನಲ್ಲ" ಅಂದ.

ಹುಡುಗಿ ವಾಪಸ್ ಹೋಗಿದ್ದಾಳೆ. ಕಾಲಮ್ಮುಗಳನ್ನು ಕಿತ್ತುಹಾಕಿ ಹೊಸ ಪ್ರಶ್ನಾವಳಿ ಮಾಡುತ್ತಿದ್ದಾಳಂತೆ. ಅದರಲ್ಲಿ ಒಂದು ಪ್ರಶ್ನೆ, ಆಣೆ ಬಿಡಿಸುವ ಪದ್ಧತಿಗಳ ಬಗ್ಗೆ. ಕರಾವಳಿಯವರು ಧರ್ಮಸ್ಥಳದ ಆಣೆಗೆ ಎಷ್ಟು ಅಂಜುತ್ತಾರೆ ಅಂತ ಕೇಳಿದ್ದೇನೆ. ತಪ್ಪು ಕಾಣಿಕೆ ಹಾಕುವ ಪದ್ಧತಿ ಹಲವು ಕಡೆ ಇದೆ. ನಮ್ಮ ಕಡೆ ಅಲಾಯಿ ಹಬ್ಬದಲ್ಲಿ ಹಿಂದೂಗಳೂ ಹರಕೆ ಹೊರುತ್ತಾರೆ, ಅದನ್ನು ಬಿಡಿಸುವುದು ಹೇಗೆ ಅಂತ ವಿಚಾರಿಸಬೇಕು. ನಿಮ್ಮ ಊರಿನಲ್ಲಿ ಹರಕೆ, ಆಣೆ, ಮುತ್ತು ಬಿಡಿಸಲು ಯಾರ ಹತ್ತಿರ ಹೋಗುತ್ತಾರೆ, ಅವರು ಏನು ಹೇಳುತ್ತಾರೆ? ಗೊತ್ತಿದ್ದವರು ಬರೆಯಿರಿ, ಅವಳಿಗೆ ಕಳಿಸುತ್ತೇನೆ.